ಕಾವ್ಯದಲ್ಲಿ ನುಡಿಯುವವರು ಯಾರು?

ನಮ್ಮ ಶಾಲೆಗಳಲ್ಲಿ ಅಲಂಕಾರವನ್ನು ಕಲಿಸುವ ಕ್ರಮವು ಕಾವ್ಯಕ್ಕೆ ಮಾಡುವ ಅಪಚಾರವೆಂದೇ ನಾನು ಹೇಳತಕ್ಕವನು. ಉಪಮೇಯವಾವುದು, ಉಪಮಾನವಾವುದು ಎಂದು ಕೇಳುವುದು. ಹುಡುಗನು ‘ರೂಪಕ’ವೆಂದು ಬರೆದೊಡನೆ ಅಂಕವನ್ನಿತ್ತು ಮುಂದಕ್ಕೆ ಸಾಗುವುದು. ಆ ಮಾತನ್ನು ಆಡಿದವರಾರು, ಯಾರೊಡನೆ, ಯಾವ ಸಂದರ್ಭದಲ್ಲಿ ಎಂದು ವಿಚಾರಿಸುವವರೇ ಇಲ್ಲ. ಹೀಗೆ ಕಲಿತವರು ದೊಡ್ಡವರಾದ ಮೇಲೆ ಪಾತ್ರಗಳ ಮಾತುಗಳೆಲ್ಲವನ್ನೂ ಕವಿಯ ತಲೆಗೆ ಕಟ್ಟುತ್ತಾರೆ.

ಬೀದಿಯಲ್ಲಿ ನಾವು ಇಷ್ಟು ಮಂದಮತಿಗಳಲ್ಲ. ಮಾತಿಗೆ ತಪ್ಪಿದವನನ್ನು ಕಂಡು ‘ಬಂದನಪ್ಪ ಸತ್ಯಹರಿಶ್ಚಂದ್ರ!’ ಎಂದರೆ ಅದನ್ನು ಹೊಗಳಿಕೆಯೆಂದು ಯಾವ ಅಜ್ಜಿಯೂ ಭ್ರಮಿಸಳು. ಆಕೆಯ ಮೊಮ್ಮಗನಾದರೋ ಪುಸ್ತಕವನ್ನು ತೆರೆದೊಡನೆ ಈ ವಿವೇಕವನ್ನು ಹೊಸ್ತಿಲಾಚೆ ಬಿಟ್ಟುಬಿಡುತ್ತಾನೆ.

ರನ್ನನ ಗದಾಯುದ್ಧವನ್ನೇ ನೋಡಿರಿ. ಆಶ್ರಯದಾತನಾದ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ರಚಿಸಿದ ಕಾವ್ಯವದು. ಆದರೂ ಹೆಣಗಳ ನಡುವೆ ನಡೆಯುವ ದುರ್ಯೋಧನನು ಶತ್ರುಪುತ್ರನಾದ ಅಭಿಮನ್ಯುವನ್ನು ಕೊಂಡಾಡುತ್ತಾನೆ, ಕರ್ಣನಿಗಾಗಿ ಗೋಳಾಡುತ್ತಾನೆ. ಇದನ್ನೋದಿ ‘ರನ್ನನಿಗೆ ದುರ್ಯೋಧನನಲ್ಲಿ ಪಕ್ಷಪಾತ’ವೆಂದು ತೀರ್ಪು ಕೊಡುವವರುಂಟು. ಅವರು ಒಂದು ವಿಷಯವನ್ನು ಪರಿಶೀಲಿಸಲಿ. ಕರ್ಣನ ಶವದೆದುರು ದುರ್ಯೋಧನನು, ಅವನ ಜನ್ಮರಹಸ್ಯವು ತನಗೆ ಗೊತ್ತಿತ್ತೆನ್ನುತ್ತಾನೆ. ಇದನ್ನು ಕವಿಯೇ ಹೇಳಿದ್ದರೆ ಬರಿಯ ವೃತ್ತಾಂತ. ಕುಂತಿಯು ಹೇಳಿದ್ದರೆ ಪಶ್ಚಾತ್ತಾಪ. ದುರ್ಯೋಧನನ ಬಾಯಲ್ಲಿಯಾದರೋ ಅದು ಗೆಳೆತನವೂ ಹೌದು, ತಿಳಿದೂ ತಿಳಿದೂ ಅಣ್ಣನನ್ನು ತಮ್ಮಂದಿರ ಮೇಲೆ ಬಿಟ್ಟ ಪಾಪದ ಒಪ್ಪಿಗೆಯೂ ಹೌದು. ಇದಕ್ಕೆ ಯಾವ ಅಲಂಕಾರದ ಹೆಸರನ್ನು ಬರೆದು ಅಂಕ ಪಡೆಯುವಿರಿ?

ಇದೆಲ್ಲವೂ ಪಶ್ಚಿಮದಿಂದ ಬಂದ ವಿಚಾರವೆಂದು ಮೂಗೆಳೆಯುವ ಪಂಡಿತರಿದ್ದಾರೆ. ಅವರು ತಮ್ಮ ಮನೆಯ ಗ್ರಂಥವನ್ನೇ ಬಿಚ್ಚಿ ನೋಡಿಲ್ಲ! 11ನೆಯ ಶತಮಾನದ ಮಮ್ಮಟನು ಕಾವ್ಯಪ್ರಕಾಶದ 3ನೆಯ ಉಲ್ಲಾಸದಲ್ಲಿ, ಮಾತಿನಿಂದ ಬೇರೊಂದರ್ಥವು ಹೊಮ್ಮಲು ಕಾರಣಗಳನ್ನು ಎಣಿಸುವಾಗ, ಮೊದಲು ಹೆಸರಿಸುವುದು ವಕ್ತೃವನ್ನು, ಅನಂತರ ಕೇಳುವವನನ್ನು, ಆಮೇಲೆ ಕಾಕುವನ್ನು, ಎಂದರೆ ಧ್ವನಿಯ ಏರಿಳಿತವನ್ನು. 4ನೆಯದರಲ್ಲಿ ಕವಿಯ ಪ್ರೌಢೋಕ್ತಿಯೇ ಬೇರೆ, ಕವಿನಿಬದ್ಧವಕ್ತೃವಿನ ಪ್ರೌಢೋಕ್ತಿಯೇ ಬೇರೆಯೆಂದು ವಿಂಗಡಿಸುತ್ತಾನೆ. ಪಾಠಶಾಲೆಯಲ್ಲಿ ನಾವು ಇದನ್ನು ಕಂಠಪಾಠ ಮಾಡಿದೆವು. ಕನ್ನಡ ಕಾವ್ಯಕ್ಕೆ ಅನ್ವಯಿಸಿರೆಂದು ಹೇಳಿದವರು ವಿರಳ.

ಹಾಗಾದರೆ ಕವಿಗೆ ಸ್ವಂತ ಅಭಿಪ್ರಾಯವೇ ಇಲ್ಲವೆ ಎಂದು ಕೇಳುವಿರಿ. ಉಂಟು. ಆದರೆ ಅದನ್ನು ದುರ್ಯೋಧನನ ಒಂದು ಮಾತಿನಿಂದ ಹೆಕ್ಕಲಾಗದು. ಭೀಮನ ವಿಜಯವನ್ನು ಹಾಡಲು ಹೊರಟವನು ಸೋಲುವವನನ್ನು ಅಷ್ಟು ಹೆಣಗಳೆದುರು ನಿಲ್ಲಿಸಿ, ಅಷ್ಟು ಹೊತ್ತು ಏಕೆ ಮಾತನಾಡಿಸಿದನೆಂದು ಮೊದಲು ಕೇಳಬೇಕು. ಪ್ರಶ್ನಪತ್ರಿಕೆಯನ್ನು ಬರೆಯುವ ಮಹನೀಯರು ಇದನ್ನೊಮ್ಮೆ ಹುಡುಗರ ಮುಂದಿಡಲಿ.