ನಾವು ಕುಡಿಯುವ ನೀರನ್ನು ಸ್ಟೀಲ್ ತಾಳದು

ಬೇಸಿಗೆ ಬಂತೆಂದರೆ ಚೆನ್ನೈನಲ್ಲಿ ಎಲ್ಲರ ಬಾಯಲ್ಲೂ ಟ್ಯಾಂಕರ್ ನೀರಿನ ಮಾತೇ. 2019ರಲ್ಲಿ ಜಲಾಶಯಗಳು ಬತ್ತಿದಾಗ ಹೋಟೆಲು, ಐಟಿ ಕಚೇರಿಗಳ ಪಾಡು ದೇಶಕ್ಕೆಲ್ಲ ಸುದ್ದಿಯಾಯಿತು. ಸ್ಟೇನ್‌ಲೆಸ್ ಸ್ಟೀಲ್ ಟ್ಯಾಂಕು, ವೆಸೆಲ್ ತಯಾರಿಸುವ ಸಣ್ಣ ಶೆಡ್‌ಗಳ ಕಷ್ಟ ಯಾರ ಕಣ್ಣಿಗೂ ಅಷ್ಟಾಗಿ ಬೀಳಲಿಲ್ಲ. ಅವರಿಗೆ ನೀರು ಸಿಕ್ಕರೆ ಸಾಲದು, ಅದು ಎಂಥ ನೀರು ಎಂಬುದೂ ಮುಖ್ಯ.

ಔಷಧ, ಹಾಲು, ರಾಸಾಯನಿಕ ಕಾರ್ಖಾನೆಗಳಿಗೆ ಹೋಗುವ ವೆಸೆಲ್‌ಗೆ ನೀರು ತುಂಬಿ, ವಿನ್ಯಾಸದ ಒತ್ತಡಕ್ಕಿಂತ ಸಾಮಾನ್ಯವಾಗಿ 1.3 ಪಟ್ಟು ಒತ್ತಡ ಹಾಕಿ ಪರೀಕ್ಷಿಸುತ್ತಾರೆ. ಇದೇ ಹೈಡ್ರೋಟೆಸ್ಟ್. ಆರ್ಡರ್‌ನಲ್ಲಿ ಎಷ್ಟೋ ಸಲ 'ಶುದ್ಧ ನೀರು' ಎಂದಷ್ಟೇ ಬರೆದಿರುತ್ತದೆ. ತೊಡಕು ಇರುವುದು ಇಲ್ಲಿಯೇ. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 250 ಮಿಲಿಗ್ರಾಂ ಕ್ಲೋರೈಡ್ ಇರಬಹುದು. ಬೇರೆ ಮೂಲವೇ ಇಲ್ಲದಿದ್ದರೆ 1000ದವರೆಗೂ ಒಪ್ಪಿಗೆಯಿದೆ. ಆದರೆ ಪೈಪಿಂಗ್ ತಪಾಸಣೆಯ ಎಪಿಐ 570 ಸಂಹಿತೆ 304, 316ರಂಥ ಸ್ಟೀಲ್‌ಗೆ ಹೇಳುವ ಮಿತಿ 50ಕ್ಕಿಂತ ಕಡಿಮೆ.

ಕ್ರೋಮಿಯಂ ಆಕ್ಸೈಡಿನ ತೆಳುಪದರವೇ ಈ ಸ್ಟೀಲ್‌ಗೆ ಕವಚ. ಕ್ಲೋರೈಡ್ ಅದನ್ನು ಅಲ್ಲಲ್ಲಿ ಭೇದಿಸುತ್ತದೆ. ಪರೀಕ್ಷೆ ಮುಗಿದ ಮೇಲೆ ತಳದಲ್ಲಿ, ವೆಲ್ಡಿಂಗ್ ಸಂದಿಯಲ್ಲಿ ಉಳಿದ ನೀರು ಆರುತ್ತಾ ಹೋದಂತೆ ಉಪ್ಪಿನಂಶ ಗಟ್ಟಿಯಾಗುತ್ತದೆ. ನಿಂತ ನೀರಿನಲ್ಲಿ ಸೂಕ್ಷ್ಮಜೀವಿಗಳೂ ಸೇರಿಕೊಳ್ಳುತ್ತವೆ. ಸೂಜಿಮೊನೆಯಷ್ಟು ಗುಳಿ ಬಿದ್ದು, ಕೆಲವೊಮ್ಮೆ ಉಪಕರಣ ಬಳಕೆಗೆ ಬರುವ ಮೊದಲೇ ಸೋರಿಕೆ ಶುರುವಾಗುತ್ತದೆ. ಪರೀಕ್ಷೆಯಲ್ಲಿ ಪಾಸಾದ ವೆಸೆಲ್ ಪರೀಕ್ಷೆಯ ನೀರಿನಿಂದಲೇ ಹಾಳಾಗುತ್ತದೆ.

ಕಡಲ ಪಕ್ಕದ ಊರಿನಲ್ಲಿ ಬೋರ್‌ವೆಲ್ ನೀರು ಉಪ್ಪಾಗಿರುವುದು ಹೊಸತೇನಲ್ಲ. ಟ್ಯಾಂಕರ್ ನೀರು ಯಾವ ಬಾವಿಯದು ಎಂದು ಕೇಳುವವರೂ ಕಡಿಮೆ. ಖನಿಜರಹಿತ ನೀರು ತರಿಸಿದರೆ ಖರ್ಚು ಶೆಡ್ ಮಾಲೀಕನ ತಲೆಗೆ. ಅತಿ ಕಡಿಮೆ ದರ ಹೇಳಿದವನಿಗೇ ಆರ್ಡರ್ ಸಿಗುವಾಗ ಆತ ಮೊದಲು ಕೈಬಿಡುವುದು ಇದನ್ನೇ.

ಚೆನ್ನೈನ ಕೊಡುಂಗೈಯೂರ್, ಕೊಯಂಬೇಡುಗಳಲ್ಲಿ ಕೊಳಚೆ ನೀರನ್ನು ಆರ್‌ಒ ಹಂತದವರೆಗೆ ಶುದ್ಧೀಕರಿಸಿ ಕೈಗಾರಿಕೆಗಳಿಗೆ ಕೊಡುವ, ದಿನಕ್ಕೆ ತಲಾ 4.5 ಕೋಟಿ ಲೀಟರ್ ಸಾಮರ್ಥ್ಯದ ಘಟಕಗಳಿವೆ. ಇಂಥ ನೀರು ಪರೀಕ್ಷಾ ವರದಿಯೊಂದಿಗೆ ಸಣ್ಣ ಶೆಡ್‌ಗಳಿಗೂ ಸಿಗುವಂತಾಗಬೇಕು. 2024ರ ಬೇಸಿಗೆ ಕಂಡ ಬೆಂಗಳೂರಿನ ಪೀಣ್ಯಕ್ಕೂ ಈ ಮಾತು ಸಲ್ಲುತ್ತದೆ.

ಪುಣೆ, ಹೈದರಾಬಾದ್, ಮುಂಬೈಗಳಲ್ಲಿ ಖರೀದಿ ಆದೇಶಕ್ಕೆ ಸಹಿ ಹಾಕುವ ನಮ್ಮವರು ಬಹಳ ಮಂದಿ ಇದ್ದಾರೆ. 'ಶುದ್ಧ ನೀರು' ಎಂಬುದನ್ನು ಹೊಡೆದುಹಾಕಿ 'ಕ್ಲೋರೈಡ್ 50ಕ್ಕಿಂತ ಕಡಿಮೆ, ಪರೀಕ್ಷೆಯಾದ ಕೂಡಲೇ ನೀರು ಬಸಿದು ಒಣಗಿಸತಕ್ಕದ್ದು' ಎಂದು ಬರೆಯಿರಿ. ನೀರಿನ ಖರ್ಚನ್ನು ದರದಲ್ಲಿ ಪ್ರತ್ಯೇಕ ಬಾಬ್ತಾಗಿ ಕೊಡಿ. ತೂತು ಬಿದ್ದ ವೆಸೆಲ್ ಬದಲಿಸುವ ಖರ್ಚಿನ ಮುಂದೆ ಅದು ಏನೂ ಅಲ್ಲ.