ಕವಚ ಹೊಸೂರಿನದು, ಬೀಗ ಅವರದು

ಐಫೋನಿನ ಕವಚ ತಯಾರಾಗುವುದು ಇಲ್ಲೇ, ಹೊಸೂರಿನ ಹತ್ತಿರದ ಟಾಟಾ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ. ಆದರೆ ಅದೇ ಫೋನಿನ ಗೇಮಿಗೆ ನಮ್ಮೂರಿನ ಮಕ್ಕಳು ಹತ್ತು ಸಾಲಿನ ಲುವಾ ಸ್ಕ್ರಿಪ್ಟ್ ಬರೆದು ಹಂಚಿಕೊಳ್ಳುತ್ತೇವೆ ಅಂದರೆ ಆಪಲ್‌ನ 2.5.2ನೇ ನಿಯಮ ಅಡ್ಡ ಬರುತ್ತದೆ: ಆ್ಯಪಿನ ಕೆಲಸವನ್ನು ಬದಲಿಸುವ ಕೋಡನ್ನು ಹೊರಗಿನಿಂದ ಇಳಿಸಿಕೊಳ್ಳುವಂತಿಲ್ಲ. 2010ರಲ್ಲಿ, ಮಕ್ಕಳು ಮಾಡಿದ ಸ್ಕ್ರ್ಯಾಚ್ ಪ್ರಾಜೆಕ್ಟುಗಳನ್ನು ತೋರಿಸುತ್ತಿದ್ದ ಆ್ಯಪನ್ನೇ ಅವರು ತೆಗೆದುಹಾಕಿದ್ದರು.

ಕಳ್ಳ ಕೋಡನ್ನು ತಡೆಯಬೇಕು, ಒಪ್ಪುತ್ತೇನೆ. ಆದರೆ ಎಚ್‌ಟಿಎಂಎಲ್5 ಮಿನಿ ಗೇಮುಗಳಿಗೆ ಅವರೇ ವಿನಾಯಿತಿ ಕೊಟ್ಟಿದ್ದಾರೆ. ಅಂದರೆ ಹೊರಗಿನ ಸ್ಕ್ರಿಪ್ಟನ್ನು ಬೇಲಿಯೊಳಗೆ ಸುರಕ್ಷಿತವಾಗಿ ಓಡಿಸಬಹುದು ಎಂದು ಅವರಿಗೂ ಗೊತ್ತು. ಗೂಗಲ್ ಪ್ಲೇ ಕೂಡ ಇಂಟರ್‌ಪ್ರಿಟರ್‌ನಲ್ಲಿ ಓಡುವ ಲುವಾ, ಜಾವಾಸ್ಕ್ರಿಪ್ಟುಗಳಿಗೆ ಷರತ್ತಿನೊಡನೆ ಅವಕಾಶ ಕೊಡುತ್ತದೆ.

ಹಾಗಿದ್ದ ಮೇಲೆ ಈ ಬೀಗ ಯಾರ ರಕ್ಷಣೆಗೆ? ಫೋನು ಮಾಡುವ ಕೈ ನಮ್ಮದಾಗಬಹುದು, ಅದರೊಳಗೆ ಬರೆಯುವ ಕೈ ಮಾತ್ರ ನಮ್ಮದಾಗಬಾರದು ಎನ್ನುವ ಲೆಕ್ಕ ನನಗೆ ಒಪ್ಪಿಗೆಯಿಲ್ಲ.