ಹಳೆಯ ಕಾರು, ಹೊಸ ಇಂಜಿನ್

ಸಹೋದರಿ, ನಿಮ್ಮ ಅಂಗಳದಲ್ಲಿ ಮಾವನವರ ಕಾಲದ ಹೆರಾಲ್ಡ್ ನಿಂತಿದೆಯೇ? ಬ್ರಿಟನ್ನಿನ ಟ್ರಯಂಫ್ ಮಾದರಿಯ ಈ ಪುಟ್ಟ ಕಾರು 1961ರಿಂದ ಮದರಾಸಿನಲ್ಲಿ ತಯಾರಾಗುತ್ತಿತ್ತು. ಮೊದಲಿನವುಗಳ ಇಂಜಿನ್ ಕೇವಲ 948 ಸಿ.ಸಿ. ದಾಂಡೇಲಿಯಿಂದ ಜೋಯಿಡಾದ ಏರು ಹತ್ತುವಾಗ ಏದುಸಿರು ಬಿಟ್ಟರೆ ಮಗ, "ಅಮ್ಮೀ, ಬೇರೆ ಇಂಜಿನ್ ಕೂರಿಸೋಣ" ಎನ್ನುತ್ತಾನೆ.

ಕೂರಿಸಲಿ. ಆದರೆ ಮೊದಲು ಕೇಳಿ: ಆರ್.ಟಿ.ಓ. ಅನುಮತಿ ಪಡೆದೆಯಾ? ಹೊಸ ಇಂಜಿನ್ ನಂಬರನ್ನು ಆರ್.ಸಿ.ಯಲ್ಲಿ ಬರೆಸುತ್ತೀಯಾ? ವಿಮೆಯವರಿಗೆ ತಿಳಿಸುತ್ತೀಯಾ? ಹೆಚ್ಚಿದ ಶಕ್ತಿಯನ್ನು ಹಳೆಯ ಬ್ರೇಕ್ ತಡೆದೀತೇ?

ನಮ್ಮ ಬಂಧುವೊಬ್ಬರು ಅಂಬಾಸಿಡರ್‌ಗೆ ಡೀಸೆಲ್ ಇಂಜಿನ್ ಹಾಕಿಸಿದರು, ಕಾಗದ ತಿದ್ದಿಸಲಿಲ್ಲ. ಅಪಘಾತವಾದಾಗ ವಿಮೆಯ ಹಣ ಬರಲಿಲ್ಲ. ಕೊನೆಗೆ ಮಾರಾಟವಾದದ್ದು ಪತ್ನಿಯ ಬಳೆ. ಬಳೆ ನಿಮ್ಮದಲ್ಲವೇ? ಹಾಗಾದರೆ ಕೇಳಲು ಸಂಕೋಚವೇಕೆ?